ನಮ್ಮತ್ತೆ ಇಲ್ಲೇ ಇರೋದು

ತಪ್ಪೆಲ್ಲ ನಡೆದದ್ದು ಒಂದು ಬಿಸ್ಕತ್ತಿನಿಂದ. ತನಿಖೆಯ ಮೇಡಂ ಆ ಪ್ರಶ್ನೆ ಕೇಳಿದ ಗಳಿಗೆಯಲ್ಲಿ ಅತ್ತೆಯ ಬಾಯಲ್ಲಿ ಬಿಸ್ಕತ್ತು ಇರದೇ ಹೋಗಿದ್ದರೆ ಒಂದಿಡೀ ಸಂಸಾರ ಹೀಗೆ ಬೋನಿಗೆ ಬೀಳುತ್ತಿರಲಿಲ್ಲ.

ಆ ಮನೆಯ ಸೊಸೆಯನ್ನು ಬೀದಿಯವರೆಲ್ಲ ಹಲ್ಲಿನಕ್ಕ ಎಂದು ಕರೆಯುತ್ತಾರೆ. ಹಲ್ಲು ಉಬ್ಬಿದೆ ಎಂದಲ್ಲ. ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಡಾಕ್ಟರುಗಳು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿಯುವುದು, ಮೇಣದಲ್ಲಿ ವಸಡು ಕಟ್ಟುವುದು, ಅದರೊಳಗೆ ಒಂದೊಂದೇ ಹಲ್ಲು ಕೂರಿಸುವುದು. ಊರಿನ ಅರ್ಧ ಮುದುಕರು ನನ್ನ ಹೆಂಡತಿಯ ದಯೆಯಿಂದ ಅಗಿಯುತ್ತಿದ್ದಾರೆ ಎಂದು ಗಂಡ ಹೋದಲ್ಲಿ ಬಂದಲ್ಲಿ ಹೇಳಿಕೊಳ್ಳುತ್ತಾನೆ. ಗಂಡ ಸಿಟಿ ಬಸ್ಸಿನ ಡ್ರೈವರ್. ಒಂದು ವಾರ ಬೆಳಗಿನ ಪಾಳಿ, ಇನ್ನೊಂದು ವಾರ ಸಂಜೆಯದು. ಮಕ್ಕಳಾಗಲಿಲ್ಲ. ಆಸ್ಪತ್ರೆಗಳಿಗೆ ಅಲೆದು ಅಲೆದು ಚಪ್ಪಲಿ ಸವೆದ ಮೇಲೆ ದತ್ತು ತೆಗೆದುಕೊಳ್ಳೋಣ ಎಂದುಕೊಂಡರು. ತಮ್ಮ ದೇಶದಲ್ಲೇ ಸರದಿಗೆ ನಿಂತರೆ ಮಗು ಕೈಗೆ ಬರುವ ಹೊತ್ತಿಗೆ ತಮ್ಮ ಬಾಯಿಯ ಅಚ್ಚೇ ಅವಳ ಲ್ಯಾಬಿಗೆ ಬಂದಿರುತ್ತದೆ ಎಂದು ಡ್ರೈವರ್ ಅಂದಾಜು ಹಾಕಿದ. ಬೇರೊಂದು ದೇಶದಲ್ಲಿ ಸ್ವಲ್ಪ ದೊಡ್ಡ ಮಕ್ಕಳು ಅಪ್ಪ ಅಮ್ಮನಿಗಾಗಿ ಕಾಯುತ್ತಿದ್ದಾರೆ ಎಂದು ದತ್ತು ಸಂಸ್ಥೆಯವರು ಹೇಳಿದಾಗ ಇಬ್ಬರೂ ಹೂಂ ಅಂದರು. ಮೊದಲು ಮನೆ ತನಿಖೆ ಆಗಬೇಕು ಅಂದರು. ಅದಕ್ಕೂ ಹೂಂ ಅಂದರು.

ತನಿಖೆಯ ದಿನ ಮನೆ ಬಿಕೋ ಎನ್ನಬಾರದೆಂದು ಡ್ರೈವರ್ ತನ್ನ ತಾಯಿಯನ್ನು ಕರೆತಂದ. ಅದೂ ಒಂದೇ ದಿನದ ಮಟ್ಟಿಗೆ. ಅತ್ತೆ ಇರುತ್ತಿದ್ದದ್ದು ಊರಿನ ಇನ್ನೊಂದು ತುದಿಯಲ್ಲಿ, ಟೈಲರ್ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ. ಟೈಲರ್ ಹೊಲಿದ ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಹೊಲಿದುಕೊಡುವುದು ಅವಳ ಕೆಲಸ. ಕಿಟಕಿಗೆ ಒರಗಿ ಕೂತರೆ ಇಡೀ ಮಾರ್ಕೆಟ್ಟು ಕಾಲ ಕೆಳಗೆ. ಯಾರು ಯಾರ ಜೊತೆ ಹೋದರು, ಯಾರು ಯಾರನ್ನು ಕಂಡೂ ಕಾಣದ ಹಾಗೆ ದಾಟಿದರು, ಎಲ್ಲದರ ವರದಿ ಅವಳ ಬಳಿ ಇರುತ್ತಿತ್ತು. ಮದುವೆಯ ಹೊಸತರಲ್ಲಿ ಅತ್ತೆ ಸೊಸೆ ಒಂದೇ ಸೂರಿನಡಿ ಇದ್ದು ನೋಡಿದ್ದರು. ಎಣ್ಣೆ ಸೀಗೆಕಾಯಿ ಸಂಬಂಧ. ಜಗಳ ಯಾವುದಕ್ಕೆ ಶುರುವಾಯಿತೆಂದು ಈಗ ಇಬ್ಬರಿಗೂ ನೆನಪಿಲ್ಲ. ಹೇಗೆ ಮುಗಿಯಿತೆಂಬುದು ಮಾತ್ರ ಚೆನ್ನಾಗಿ ನೆನಪಿದೆ: ಅತ್ತೆ ಟ್ರಂಕು ಹಿಡಿದು ಹೊರಟಳು, ಸೊಸೆ ಬಾಗಿಲು ತೆರೆದು ಹಿಡಿದುಕೊಂಡಳು.

ಮೇಡಂ ಬಂದರು. ಕಿಟಕಿಯ ಸರಳು ಅಲ್ಲಾಡಿಸಿ ನೋಡಿದರು. ಔಷಧಿ ಎಲ್ಲಿಡುತ್ತೀರಿ ಎಂದು ಕೇಳಿದರು. ಮಗುವಿಗೆಂದು ಸಿದ್ಧ ಮಾಡಿದ ಕೋಣೆಗೆ ಹೋಗಿ ಮಂಚದ ಮೂಲೆಗಳನ್ನು ಬೆರಳಲ್ಲಿ ಸವರಿದರು. ಆಮೇಲೆ ನಡುಮನೆಯಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದರು.

"ಇಬ್ಬರೂ ಕೆಲಸಕ್ಕೆ ಹೋಗ್ತೀರಿ. ಮಗು ಸ್ಕೂಲಿಂದ ಬಂದಾಗ ಮನೇಲಿ ಯಾರಿರ್ತಾರೆ?"

ಡ್ರೈವರ್ ಹೆಂಡತಿಯ ಮುಖ ನೋಡಿದ. ಅಷ್ಟು ದೊಡ್ಡ ಬಸ್ಸನ್ನು ಗಲ್ಲಿಗಳಲ್ಲಿ ತಿರುಗಿಸುವ ಮನುಷ್ಯನಿಗೆ ಇಂಥ ಹೊತ್ತಲ್ಲಿ ನಾಲಿಗೆ ತಿರುಗುವುದಿಲ್ಲ.

"ಅತ್ತೆ ಇದಾರಲ್ಲ ಮೇಡಂ," ಅಂದಳು ಹಲ್ಲಿನಕ್ಕ. "ನಮ್ಮತ್ತೆ ಇಲ್ಲೇ ಇರೋದು."

ಅತ್ತೆ ಆಗಷ್ಟೇ ಇಡೀ ಬಿಸ್ಕತ್ತನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡಿದ್ದಳು. ಉಗುಳುವ ಹಾಗಿಲ್ಲ, ನುಂಗುವುದಕ್ಕೆ ಆಗುತ್ತಿಲ್ಲ. ಕಣ್ಣು ಮಾತ್ರ ಅಗಲವಾದವು. ಮೇಡಂ ಅದನ್ನು ವಾತ್ಸಲ್ಯ ಎಂದು ತಿಳಿದರೋ ಏನೋ, ಮುಗುಳ್ನಕ್ಕು ಬರೆದುಕೊಂಡರು. ಬಿಸ್ಕತ್ತು ಇಳಿಯುವಷ್ಟರಲ್ಲಿ ಪುಟ ಮಗುಚಿಯಾಗಿತ್ತು.

ಮನೆ ಒಪ್ಪಿಗೆಯಾಯಿತು. ಒಪ್ಪಿಗೆ ಕೊಟ್ಟ ದಿನ ಸಂಸ್ಥೆಯ ಕಚೇರಿಯಲ್ಲಿ ಕೂರಿಸಿಕೊಂಡು ಇನ್ನೊಂದು ವಿಷಯ ಹೇಳಿದರು. ಮಗು ಬರುವವರೆಗೂ ಮನೆ ಈಗ ಹೇಗಿದೆಯೋ ಹಾಗೇ ಇರಬೇಕು. ಮನೆ ಬದಲಾದರೆ, ಕೆಲಸ ಬದಲಾದರೆ, ಮನೆಯವರಲ್ಲಿ ಒಬ್ಬರು ಹೆಚ್ಚಾದರೆ ಇಲ್ಲವೇ ಕಮ್ಮಿಯಾದರೆ, ಮತ್ತೆ ತನಿಖೆ, ಮತ್ತೆ ಎರಡೂ ದೇಶಗಳಲ್ಲಿ ಸರದಿಯ ಕೊನೆಗೆ ಹೋಗಿ ನಿಲ್ಲುವುದು. ನಡುನಡುವೆ ಹೇಳದೆ ಕೇಳದೆ ಬಂದು ನೋಡುತ್ತೇವೆ ಎಂದೂ ಅಂದರು.  

ಮರುದಿನ ಡ್ರೈವರ್ ತಾಯಿಯ ಕಾಲಿಗೆ ಬಿದ್ದ ಎಂದೇ ಇಟ್ಟುಕೊಳ್ಳಿ. ಅವಳು ಬಂದಳು. ಟ್ರಂಕನ್ನು ಹೊಸ್ತಿಲಲ್ಲಿ ಇಟ್ಟು ಸೊಸೆಗೆ ಹೇಳಿದ್ದು ಇಷ್ಟೇ: "ಮಗು ಬಂದ ಮಾರನೇ ದಿನ ನಾನು ಹೊರಟೆ. ಅಲ್ಲೀತನಕ ನಿನ್ನ ಸುಳ್ಳು ನಾನು ಹೊರ್ತೀನಿ."

"ಆಗಲಿ ಅತ್ತೆ," ಅಂದಳು ಹಲ್ಲಿನಕ್ಕ. ಮನಸ್ಸಿನಲ್ಲಿ ಅವಳದೂ ಅದೇ ಲೆಕ್ಕ.

ಆದರೆ ಮಗು ಬರುವುದೆಂದರೆ ಬಸ್ಸು ಬಂದ ಹಾಗಲ್ಲ. ಈ ದೇಶದ ಕಚೇರಿಯಿಂದ ಆ ದೇಶದ ಕಚೇರಿಗೆ, ಅಲ್ಲಿಂದ ಕೋರ್ಟಿಗೆ, ಕೋರ್ಟಿನಿಂದ ಮತ್ತೆ ಕಚೇರಿಗೆ. ಒಂದು ಸಲ ಸಾಹೇಬರು ರಜೆ, ಇನ್ನೊಂದು ಸಲ ಸಾಹೇಬರೇ ಬದಲಿ. ಕೊನೆಗೊಮ್ಮೆ ಒಂದು ಫೋಟೋ ಬಂತು. ಏಳು ವರ್ಷದ ಹುಡುಗಿ, ಕಿವಿಯ ಮೇಲಕ್ಕೆ ಕತ್ತರಿಸಿದ ಕೂದಲು, ಮುಂದಿನ ಎರಡು ಹಲ್ಲು ಬಿದ್ದ ಬಾಯಿ. ಆ ಬಾಯಿಯನ್ನು ನೋಡಿ ಹಲ್ಲಿನಕ್ಕ ಲ್ಯಾಬಿನ ಮೇಜಿಗೆ ತಲೆಯಿಟ್ಟು ಅತ್ತಳು. ದಿನವೂ ಇಲ್ಲದ ಹಲ್ಲುಗಳನ್ನು ತುಂಬುವವಳು, ತಾನಾಗಿಯೇ ಹುಟ್ಟಲಿರುವ ಹಲ್ಲಿಗೆ ಕಾದು ಕೂರಬೇಕಾಗಿ ಬಂದದ್ದು ಇದೇ ಮೊದಲು. ಆ ಹುಡುಗಿಗೆ ಮನೆಯಲ್ಲಿ ಪುಟ್ಟಿ ಎಂದೇ ಹೆಸರಾಯಿತು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಗಾಳಿ ಕಮ್ಮಿಯಾಗುತ್ತಾ ಹೋಯಿತು. ಮಗುವಿನ ಕೋಣೆ ಮಗುವಿಗೇ ಎಂದು ವರದಿಯಲ್ಲಿ ಬರೆದಿದ್ದರಿಂದ ಅಲ್ಲಿ ಯಾರೂ ಮಲಗುವಂತಿಲ್ಲ. ಹೊಸ ಮಂಚ, ಹೊಸ ಹಾಸಿಗೆ, ಹೊಸ ಪರದೆ, ಒಳಗೆ ನರಪಿಳ್ಳೆ ಇಲ್ಲ. ಅತ್ತೆ ನಡುಮನೆಯಲ್ಲಿ ಮಡಚುವ ಮಂಚ ಹಾಕಿಕೊಂಡು ಮಲಗುತ್ತಿದ್ದಳು. ಬಚ್ಚಲಿಗೆ ಹೋಗಬೇಕಾದವರು ಅವಳ ಕಾಲು ಸವರಿಕೊಂಡೇ ಹೋಗಬೇಕು. "ಇಲ್ಲದವಳಿಗೆ ಕೋಣೆ ಇದೆ, ಇರೋಳಿಗೆ ದಾರಿ ಮಧ್ಯೆ ಜಾಗ," ಎಂದು ಅತ್ತೆ ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು. ನಡುಮನೆಯ ಕಿಟಕಿ ತೆರೆದರೆ ಕಾಣುವುದು ಪಕ್ಕದ ಕಟ್ಟಡದ ಪೈಪುಗಳು. ಕಾಜಾ ಕೆಲಸ ನಿಂತಿತ್ತು. ಅಷ್ಟು ದೂರಕ್ಕೆ ಅಂಗಿ ಹೊತ್ತು ತರುವವರು ಯಾರು?

ಡ್ರೈವರಿಗೂ ಬಿಡುಗಡೆಯಿರಲಿಲ್ಲ. ಬರೀ ಹಗಲು ಪಾಳಿಯ ಡಿಪೋಗೆ ವರ್ಗ ಕೊಡುತ್ತೇವೆ ಎಂದು ಅವನನ್ನು ಕರೆದು ಹೇಳಿದ್ದರು. ವರ್ಷಗಳಿಂದ ಕಾಯುತ್ತಿದ್ದದ್ದು ಅದು. ಮನೆ ಬದಲಾಯಿಸಬೇಕಾಗುತ್ತದೆಂದು ಬೇಡ ಅಂದು ಬಂದ. ಮನೆಗೆ ಬಂದು ಬೂಟು ಬಿಚ್ಚದೆ ಕೂತವನು, "ನಾವು ಮೂರು ಜನ ಫೋಟೋಗೆ ನಿಂತಿದೀವಿ ನೋಡು, ಫೋಟೋ ತೆಗೆಯೋನು ಟೀ ಕುಡಿಯೋಕೆ ಹೋಗಿದಾನೆ," ಅಂದ. ಹೆಂಡತಿ ನಗಲಿಲ್ಲ. ತಾಯಿಯೂ ನಗಲಿಲ್ಲ. ಈ ಒಂದು ವಿಷಯದಲ್ಲಿ ಅತ್ತೆ ಸೊಸೆಗೆ ಹೊಂದಾಣಿಕೆಯಿತ್ತು.

ಬುಧವಾರ ಮಧ್ಯಾಹ್ನ ಪುಟ್ಟಿಯ ಜೊತೆ ವಿಡಿಯೋದಲ್ಲಿ ಮಾತಾಡಬಹುದು ಎಂದು ಅನುಮತಿ ಬಂತು. ಆ ಕಡೆ ಮಕ್ಕಳ ಮನೆಯಲ್ಲಿ ಎರಡೂ ಭಾಷೆ ಬಲ್ಲ ದುಭಾಷಿ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂರುತ್ತಾಳೆ. ಬುಧವಾರ ಮಧ್ಯಾಹ್ನವೆಂದರೆ ಲ್ಯಾಬಿನಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದ ಹೊತ್ತು. ಹಲ್ಲಿನಕ್ಕ ಪ್ಲಾಸ್ಟರ್ ಚೀಲಗಳ ಗೋದಾಮಿನಲ್ಲಿ ನಿಂತು ಫೋನು ಹಿಡಿಯುತ್ತಿದ್ದಳು. ಒಮ್ಮೆ ಚಿತ್ರ ನಿಲ್ಲುವುದು, ಒಮ್ಮೆ ಧ್ವನಿ ನಿಲ್ಲುವುದು. ಅಷ್ಟರಲ್ಲಿ ಮಾಲೀಕ ಕೂಗುವುದು. ಮನೆಯಲ್ಲಿ ಅತ್ತೆ ಮಾತ್ರ ಪುರುಸೊತ್ತಾಗಿ, ನೀರಿನ ಬಾಟಲಿಗೆ ಇನ್ನೊಂದು ಫೋನು ಒರಗಿಸಿಕೊಂಡು ಕೂತಿರುತ್ತಿದ್ದಳು.

ಮೊದಮೊದಲು ಪುಟ್ಟಿ ತುಟಿ ಬಿಚ್ಚಲಿಲ್ಲ. ಆಮೇಲೊಂದು ದಿನ ಅತ್ತೆಯ ಬೆನ್ನ ಹಿಂದೆ ಬೆರಳು ತೋರಿಸಿ, ಆ ಬಾಗಿಲ ಹಿಂದೆ ಏನಿದೆ ಎಂದು ಕೇಳಿದಳಂತೆ. ಅತ್ತೆ ಎದ್ದು ಬಾಗಿಲು ತೆರೆದು ತೋರಿಸಿದಳು. ಬಚ್ಚಲು. ಇನ್ನೊಂದು ಬಾಗಿಲು? ಅಡುಗೆಮನೆ. ಆ ಬೀರು? ಬಟ್ಟೆ. ಅದರ ಕೆಳಗೆ? ಹಳೇ ಚಪ್ಪಲಿ. ವಾರವಾರವೂ ಇದೇ ಆಟ. ಮಂಡಿ ನೋವಿನ ಮುದುಕಿ ಫೋನು ಹಿಡಿದು ಮಂಚದಡಿಗೂ ಬಗ್ಗುತ್ತಿದ್ದಳು. ಗೋದಾಮಿನಲ್ಲಿ ನಿಂತ ಹಲ್ಲಿನಕ್ಕನ ಫೋನಿನಲ್ಲಿ ತನ್ನದೇ ಮನೆಯ ಮೂಲೆಗಳು ಹಾದು ಹೋಗುತ್ತಿದ್ದವು, ಮಗುವಿನ ನಗು ಕೇಳುತ್ತಿತ್ತು. ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳೇಕೆ, ಚೆನ್ನಾಗಿಯೇ ಉರಿಯುತ್ತಿತ್ತು. ಅಮ್ಮನಾಗಬೇಕಾದವಳು ತಾನು. ಪುಟ್ಟಿ ಕರೆ ಶುರುವಾದೊಡನೆ ಕೇಳುವುದು ಅಜ್ಜಿ ಎಲ್ಲಿ ಎಂದು.

ಹೀಗಿರುವಾಗ ಟೈಲರ್ ಫೋನು ಮಾಡಿದ. ಮಹಡಿಯ ಕೋಣೆಯನ್ನು ಅತ್ತೆಗೆಂದು ಈವರೆಗೆ ಖಾಲಿ ಬಿಟ್ಟಿದ್ದೆ, ಈಗ ಬೇರೊಬ್ಬರು ಕೇಳುತ್ತಿದ್ದಾರೆ, ತಿಂಗಳ ಕೊನೆಯೊಳಗೆ ಹೇಳಿಬಿಡಿ ಅಂದ. ಅತ್ತೆ ಫೋನಿಟ್ಟು ಸೀದಾ ಅಡುಗೆಮನೆಗೆ ಬಂದಳು.

"ನಾನು ಹೋಗ್ತೀನಿ."

ಹಲ್ಲಿನಕ್ಕ ಪಾತ್ರೆ ತೊಳೆಯುತ್ತಿದ್ದಳು. ಕೈ ನಿಂತಿತು. "ಇನ್ನೇನು ಕೋರ್ಟಿನದ್ದು ಮುಗೀತು ಅತ್ತೆ. ಕೊನೇ ತನಿಖೆ ಒಂದಿದೆ. ಇನ್ನೊಂದು ಸ್ವಲ್ಪ ದಿನ."

"ಇನ್ನೊಂದು ಸ್ವಲ್ಪ ದಿನ ಅಂತ ಎಷ್ಟು ಸಲ ಹೇಳಿದೀಯಾ? ಬೆಳಿಗ್ಗೆ ಎದ್ರೆ ಆ ಪೈಪು ನೋಡ್ತೀನಿ, ಸಂಜೆ ಆ ಪೈಪು ನೋಡ್ತೀನಿ. ಕೈಗೆ ಕೆಲಸ ಇಲ್ಲ. ಮಾತಿಗೆ ಜನ ಇಲ್ಲ. ನೀನಂತೂ ನನ್ನ ಕಂಡ್ರೆ ಮುಖ ಊದಿಸ್ಕೊಂಡು ಓಡಾಡ್ತೀಯಾ."

"ನೀವು ಹೋದ್ರೆ ಪುಟ್ಟಿ ಬರಲ್ಲ."

"ಮಗುನ ತಂದು ನನ್ನ ಕುತ್ತಿಗೆಗೆ ಕಟ್ಟಬೇಡ."

"ಕಟ್ತೀನಿ," ಅಂದಳು ಹಲ್ಲಿನಕ್ಕ. ಅವಳ ಧ್ವನಿ ಅವಳಿಗೇ ಗುರುತು ಸಿಗಲಿಲ್ಲ. "ನನಗೆ ಬೇರೆ ದಾರಿ ಇಲ್ಲ. ನೀವು ಎಲ್ಲಿಗೂ ಹೋಗೋ ಹಾಗಿಲ್ಲ."

 ಜಗಳಗಂಟಿ ಅತ್ತೆ, ಮಾತಿಗೆ ಮಾತು ಜೋಡಿಸುವ ಅತ್ತೆ, ಆ ದಿನ ಏನೂ ಅನ್ನದೆ ಹೋಗಿ ಮಡಚುವ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹಲ್ಲಿನಕ್ಕ ಅದೇ ಪಾತ್ರೆಯನ್ನು ಮತ್ತೆ ತೊಳೆದಳು. ಕಿಟಕಿಯ ಸರಳು ಗಟ್ಟಿಯಾಗಿದೆಯೇ ಎಂದು ಮೇಡಂ ಅಲ್ಲಾಡಿಸಿ ನೋಡಿದ್ದು ಯಾಕೋ ನೆನಪಾಯಿತು. ಆ ಸರಳಿನ ಹಿಂದೆ ಒಬ್ಬ ಮುದುಕಿಯನ್ನು ಕೂಡಿಹಾಕಿದವಳು ತಾನು ಎಂದು ಅವತ್ತು ಮೊದಲ ಸಲ ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾಯಿತೇ ಹೊರತು ಬಾಗಿಲು ತೆರೆಯುವ ಧೈರ್ಯ ಬರಲಿಲ್ಲ.

ಕೊನೆಯ ತನಿಖೆಗೆ ಮೇಡಂ ತಿಂಗಳು ಮುಗಿಯುವ ಮುಂಚೆಯೇ ಬಂದರು. ಈ ಸಲ ಬಿಸ್ಕತ್ತು ಯಾರೂ ಮುಟ್ಟಲಿಲ್ಲ. ಮೇಡಂ ಮಗುವಿನ ಕೋಣೆ ನೋಡಿದರು, ಸ್ಕೂಲಿನ ಬಗ್ಗೆ ಕೇಳಿದರು, ಡ್ರೈವರನ ಪಾಳಿ ಕೇಳಿದರು. ಆಮೇಲೆ ಹಲ್ಲಿನಕ್ಕನ ಕಡೆ ತಿರುಗಿ, "ನಿಮ್ಮತ್ತೆ ಮಗು ಬಂದಮೇಲೂ ಇಲ್ಲೇ ಇರ್ತಾರೆ ತಾನೆ? ಆ ಕಡೆ ಕೋರ್ಟಿನವರು ಇದನ್ನೇ ಒತ್ತಿ ಕೇಳಿದಾರೆ. ಹುಡುಗಿ ಇವರನ್ನ ಹಚ್ಚಿಕೊಂಡಿದಾಳಂತೆ," ಅಂದರು.

ಹೌದು ಎಂಬ ಮಾತು ಹಲ್ಲಿನಕ್ಕನ ನಾಲಿಗೆ ತುದಿಯಲ್ಲೇ ಇತ್ತು. ಹೇಳಿದರೆ ಮುಗಿಯಿತು. ಅತ್ತೆ ಮೂಲೆಯ ಕುರ್ಚಿಯಲ್ಲಿ ಕೂತು ತನ್ನ ಕೈಯನ್ನೇ ನೋಡುತ್ತಿದ್ದಳು. ಸೂಜಿ ಹಿಡಿದು ಹಿಡಿದು ಗಟ್ಟಿಯಾಗಿದ್ದ ಬೆರಳ ತುದಿ ಈಗ ಮೆತ್ತಗಾಗಿರಬೇಕು, ಅದನ್ನು ಉಗುರಿನಿಂದ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದಳು. ಉತ್ತರ ಏನೆಂದು ಅವಳಿಗೆ ಗೊತ್ತಿತ್ತು. ಸೊಸೆ ಹೇಳಲಿ ಎಂದು ಕಾಯುತ್ತಿದ್ದಳು, ಅಷ್ಟೇ.

"ಅವರನ್ನೇ ಕೇಳಿ ಮೇಡಂ," ಅಂದಳು ಹಲ್ಲಿನಕ್ಕ.

ಡ್ರೈವರ್ ಬೆಚ್ಚಿ ಹೆಂಡತಿಯ ಕಡೆ ನೋಡಿದ.  ಮುದುಕಿ ಇಲ್ಲ ಅಂದರೆ ಪುಟ್ಟಿ ಹೋದಳು. ಅಷ್ಟು ಸಲೀಸು. ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಯಾರಿಗೂ ಸಿಗುವುದಿಲ್ಲ.

ಅತ್ತೆ ತಲೆಯೆತ್ತಿದಳು. ಮೊದಲು ಸೊಸೆಯನ್ನು ನೋಡಿದಳು, ಆಮೇಲೆ ಮೇಡಂ ಅವರನ್ನು.

"ಈ ಮನೆ ನನಗೆ ಇಷ್ಟ ಇಲ್ಲ," ಅಂದಳು. "ಗಾಳಿ ಇಲ್ಲ, ಬೆಳಕಿಲ್ಲ. ಇವಳ ಕೈ ಅಡುಗೇಲಿ ಉಪ್ಪಿಲ್ಲ. ಇವನು ಬಸ್ಸು ಓಡಿಸಿ ಬಂದು ಮನೇಲೂ ಹಾರ್ನ್ ಹೊಡೆದ ಹಾಗೇ ಮಾತಾಡ್ತಾನೆ." ಪೆನ್ನಿನ ಕಡೆ ಕೈ ತೋರಿಸಿದಳು. "ಆದ್ರೆ ಇರ್ತೀನಿ. ಬರ್ಕೊಳ್ಳಿ."

ಮೇಡಂ ಬಾಯಿ ತುಂಬ ನಕ್ಕರು. ಇಂಥ ನಿಜ ಕೇಳಿ ಬಹಳ ದಿನವಾಗಿತ್ತು ಅಂದರು. ಬರೆದುಕೊಂಡು, ಪೆನ್ನು ಮುಚ್ಚಿ, ಇನ್ನು ನಮ್ಮ ಕಡೆಯಿಂದ ಏನೂ ಬಾಕಿ ಇಲ್ಲ, ಟಿಕೆಟ್ಟಿಗೆ ತಯಾರಿ ಮಾಡಿಕೊಳ್ಳಿ ಎಂದು ಹೇಳಿ ಹೊರಟರು. ಡ್ರೈವರ್ ಅವರನ್ನು ಬೀದಿಯ ತನಕ ಬಿಡಲು ಓಡಿದ. ಆ ಹೊತ್ತಿಗೆ ಅವನು ಅವರನ್ನು ಹೆಗಲ ಮೇಲೆ ಹೊತ್ತು ಒಯ್ಯಲೂ ತಯಾರಿದ್ದ.

ನಡುಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು.

"ಟೈಲರ್‌ಗೆ ಏನು ಹೇಳ್ತೀರಿ?"

"ಕೋಣೆ ಬೇರೆಯವ್ರಿಗೆ ಕೊಟ್ಬಿಡು ಅಂತ ಬೆಳಿಗ್ಗೇನೇ ಹೇಳಾಯ್ತು."

"ಬೆಳಿಗ್ಗೇನಾ?" ಹಲ್ಲಿನಕ್ಕ ಅಲ್ಲೇ ಕೂತಳು. "ನನ್ನ ಮೇಲಿನ ಕೋಪ?"

"ಇದೆ. ಹಾಗೇ ಇದೆ. ನಿನಗೋಸ್ಕರ ಇರ್ತಿದೀನಿ ಅಂತ ಎಲ್ಲಾದ್ರೂ ಅಂದ್ಕೊಂಡೀಯಾ." ಅತ್ತೆ ಬಿಸ್ಕತ್ತಿನ ತಟ್ಟೆಯನ್ನು ಆಚೆ ಸರಿಸಿದಳು. "ಆ ಹುಡುಗೀನ ಯಾರಾದ್ರೂ ಕೇಳಿದೀರಾ? ಬರ್ತೀಯೇನಮ್ಮಾ, ಇಷ್ಟ ಇದೆಯೇನಮ್ಮಾ ಅಂತ?"

 ಎರಡು ದೇಶಗಳ ಕಚೇರಿಗಳು ಹಲ್ಲಿನಕ್ಕನ ಸಂಬಳ ಕೇಳಿದ್ದವು, ರಕ್ತದ ಗುಂಪು ಕೇಳಿದ್ದವು, ಸಿಟ್ಟು ಬಂದಾಗ ಏನು ಮಾಡುತ್ತೀರಿ ಎಂದು ಕೇಳಿದ್ದವು. ಪುಟ್ಟಿಯ ಹತ್ತಿರ ಯಾರಾದರೂ ಏನಾದರೂ ಕೇಳಿದ್ದು ಅವಳಿಗೆ ನೆನಪಿಲ್ಲ. ಕೇಳಬೇಕೆಂದು ತನಗೂ ಒಮ್ಮೆಯೂ ಹೊಳೆದಿರಲಿಲ್ಲ.

"ಒಂದು ಬೆಳಿಗ್ಗೆ ಎತ್ಕೊಂಡು ಬರ್ತೀರಾ," ಅಂದಳು ಅತ್ತೆ. "ಹೊಸ ಮಂಚ ತೋರಿಸ್ತೀರಾ. ಇದೇ ನಿನ್ನ ಮನೆ ಅಂತೀರಾ. ಅದಕ್ಕೇ ಅವಳು ಬಾಗಿಲು ಬಾಗಿಲು ತೆಗೆಸಿ ನೋಡೋದು, ಆಟಕ್ಕಲ್ಲ. ಎಲ್ಲಿ ಏನಿದೆ ಅಂತ ಈಗ್ಲೇ ತಿಳ್ಕೊಂಡಿರ್ತಾಳೆ. ಕೇಳದೆ ಎತ್ಕೊಂಡು ಬಂದು ಇಟ್ಟರೆ ಹೇಗಿರುತ್ತೆ ಅಂತ ಗೊತ್ತಿರೋರು ಈ ಮನೇಲಿ ಒಬ್ರಾದ್ರೂ ಇರಬೇಕು."

ಅಷ್ಟು ಹೇಳಿ ಎದ್ದು, ಸೊಸೆ ಮಾಡಿಟ್ಟ ಅಡುಗೆಗೆ ಉಪ್ಪು ಹಾಕಲು ಒಳಗೆ ಹೋದಳು.

ಮುಂದಿನ ಬುಧವಾರ ಹಲ್ಲಿನಕ್ಕ ರಜೆ ಹಾಕಿದಳು. ಮಾಲೀಕ ಗೊಣಗಿದ, ಗೊಣಗಲಿ. ಅತ್ತೆಯ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. ಪುಟ್ಟಿ ಪರದೆಯ ಮೇಲೆ ಬಂದಳು. ಮುಂದಿನ ಹಲ್ಲೊಂದು ಅರ್ಧ ಇಣುಕಿತ್ತು. ಅಜ್ಜಿಯ ಪಕ್ಕ ಇನ್ನೊಬ್ಬಳನ್ನು ಅಷ್ಟು ಹತ್ತಿರ ಕಂಡು ಕೊಂಚ ಹಿಂದೆ ಸರಿದಳು. ದುಭಾಷಿ ಹುಡುಗಿ, ಟಿಕೆಟ್ಟಿನ ಸುದ್ದಿ ಇಲ್ಲೂ ಬಂತು, ಎಲ್ಲರಿಗೂ ಖುಷಿಯಾಗಿದೆ ಎಂದಳು.

"ಒಂದು ವಿಷಯ ಕೇಳಬೇಕು ಅವಳನ್ನ," ಅಂದಳು ಹಲ್ಲಿನಕ್ಕ.  "ನಮ್ಮ ಮನೆಗೆ ಬರೋಕೆ ಅವಳಿಗೆ ಇಷ್ಟ ಇದೆಯಾ, ಕೇಳಿ."

ದುಭಾಷಿ ತಡವರಿಸಿದಳು. "ಈಗ ಯಾಕೆ ಮೇಡಂ ಅದು? ಎಲ್ಲಾ ಆಗಿಹೋಗಿದೆಯಲ್ಲ."

"ಪರವಾಗಿಲ್ಲ. ಕೇಳಿ."

ದುಭಾಷಿ ಕೇಳಿದಳು. ಪುಟ್ಟಿ ಮೇಜಿನ ಅಂಚಿನ ಬಣ್ಣದ ಸಿಪ್ಪೆಯನ್ನು ಉಗುರಿನಿಂದ ಎಬ್ಬಿಸಿದಳು. ಪರದೆಯಾಚೆ ಯಾರೋ ಇದ್ದರೆಂದು ಕಾಣುತ್ತದೆ, ಆ ಕಡೆ ಒಮ್ಮೆ ನೋಡಿದಳು. ಆಮೇಲೆ ನೇರವಾಗಿ ಹಲ್ಲಿನಕ್ಕನನ್ನು ನೋಡಿ ಏನೋ ಹೇಳಿದಳು. ಪುಟ್ಟ ಮಾತು. 

"ಏನಂದ್ಳು?"

"ಬೇಡ ಅಂದ್ರೆ ಬಿಟ್ಟುಬಿಡ್ತೀರಾ, ಅಂತ ಕೇಳ್ತಿದಾಳೆ."

 ಬಿಡುತ್ತೇವೆ ಅಂದರೆ ಅವಳನ್ನು ಮತ್ತೊಬ್ಬರು ಕೈಬಿಟ್ಟ ಹಾಗೆ. ಬಿಡುವುದಿಲ್ಲ ಅಂದರೆ ಇಷ್ಟ ಇದೆಯಾ ಎಂದು ಕೇಳಿದ್ದೇ ಸುಳ್ಳು. ಪುಟ್ಟಿ ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು. ಹಲ್ಲಿನಕ್ಕ ದಿಕ್ಕು ತೋಚದೆ ಪಕ್ಕಕ್ಕೆ ತಿರುಗಿದಳು.

"ನನ್ನ ಮುಖ ಏನು ನೋಡ್ತೀಯಾ?" ಅಂದಳು ಅತ್ತೆ. "ಅವಳು ಕೇಳಿದ್ದು ನಿನ್ನನ್ನ."